ಎಡಗೈಯ ಮಲ್ಲ ಜೋ ಫ್ರೇಜಿಯರ್

ಮುಷ್ಟಿಯುದ್ಧವೆಂದರೆ ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ಆದರವಿಲ್ಲ. ಗರಡಿಯ ಕುಸ್ತಿಯಾದರೆ ನಾವು ಬಲ್ಲೆವು. ಮೈಗೆ ಕೆಮ್ಮಣ್ಣು ಬಳಿದುಕೊಂಡು, ಕೈ ಕುಲುಕಿ ಇಳಿಯುವ ಪೈಲವಾನರನ್ನು ಊರ ಜಾತ್ರೆಯಲ್ಲಿಯೋ ದಸರೆಯಲ್ಲಿಯೋ ಕಂಡವರು ನಾವು. ಒಬ್ಬನ ಮುಖವನ್ನು ಇನ್ನೊಬ್ಬನು ಗುದ್ದಿ ರಕ್ತ ಹರಿಸುವುದು ಆಟ ಹೇಗಾದೀತು ಎಂದು ನಮ್ಮ ಮನೆಯ ಹೆಂಗಸರು ಕೇಳಿದರೆ ಅದಕ್ಕೆ ತಕ್ಕ ಉತ್ತರ ಕೊಡುವುದು ಕಷ್ಟವೇ. ಆದರೂ ಆ ಕಣದಲ್ಲಿ ಬಾಳಿದ ಒಬ್ಬನ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಅನ್ನ ಸಂಪಾದಿಸುವವರಿಗೆ ಈ ಕಥೆ ತೀರ ದೂರದ್ದೆನಿಸಲಾರದು. ಅವನ ಹೆಸರು ಜೋ ಫ್ರೇಜಿಯರ್.

ತಂದೆಯ ಎಡಗೈ

ಅಮೆರಿಕದ ದಕ್ಷಿಣ ಕೆರೊಲಿನಾ ಸಂಸ್ಥಾನದ ಬ್ಯೂಫರ್ಟ್ ಎಂಬ ಊರಿನ ಬಳಿ, 1944ರ ಜನವರಿ 12ರಂದು, ಬಡ ನೀಗ್ರೋ ರೈತ ಕುಟುಂಬದಲ್ಲಿ ಹನ್ನೆರಡನೆಯ ಮಗುವಾಗಿ ಜೋ ಹುಟ್ಟಿದ. ತಂದೆ ರೂಬಿನನಿಗೆ ಗುಂಡೇಟಿನಿಂದ ಎಡಗೈ ಹೋಗಿತ್ತು. ಹೊಲದಲ್ಲಾಗಲಿ, ಮನೆಯಲ್ಲಾಗಲಿ, ತಂದೆ ಬಲಗೈಯಲ್ಲಿ ಸುತ್ತಿಗೆ ಹಿಡಿದರೆ ಮೊಳೆ ಹಿಡಿಯುವವನು ಈ ಮಗ. ಹೀಗೆ ತಂದೆಯ ಎಡಗೈಯಾಗಿ ಬೆಳೆದ ಹುಡುಗನ ಸ್ವಂತ ಎಡಗೈಗೂ ಒಂದು ಕುಂದು ಬಂತು. ಸಾಕಿದ ಹಂದಿಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು, ಇಟ್ಟಿಗೆಗೆ ಕೈ ಬಡಿಯಿತು. ಡಾಕ್ಟರಿಗೆ ಕೊಡಲು ಹಣವಿರಲಿಲ್ಲ. ಕೈ ತಾನಾಗಿ ಮಾಗಿತು. ಆದರೆ ಅದನ್ನು ಪೂರ್ತಿ ನೀಡಲು ಮುಂದೆಂದೂ ಆಗಲಿಲ್ಲ. ಮೊಣಕೈ ಮಡಿಸಿ ಬದಿಯಿಂದ ಬೀಸಿ ಹೊಡೆಯುವ ‘ಹುಕ್’ ಎಂಬ ಏಟಿಗೆ ಹೇಳಿ ಮಾಡಿಸಿದಂತೆ ಆ ಕೈ ನಿಂತುಬಿಟ್ಟಿತು. ಜಗತ್ತೇ ಬೆರಗಾಗಿ ನೋಡಿದ ಏಟು ಮುಂದೆ ಆ ಕೈಯಿಂದಲೇ ಬಂದಿತು.

ಮನೆಗೆ ಟೆಲಿವಿಷನ್ ಬಂದ ಹೊಸತು. ಮುಷ್ಟಿಯುದ್ಧಗಳನ್ನು ನೋಡಲು ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಈ ಹುಡುಗ ಇನ್ನೊಬ್ಬ ಜೋ ಲೂಯಿ ಆದಾನು ಎಂದು ಅವನ ಮೈಕಟ್ಟು ನೋಡಿ ಬಂಧುವೊಬ್ಬರು ಅಂದರಂತೆ. ಆ ಮಾತು ಹುಡುಗನ ತಲೆಯಲ್ಲಿ ಕುಳಿತಿತು. ಗೋಣಿಚೀಲವೊಂದಕ್ಕೆ ಹರಕು ಬಟ್ಟೆ, ಜೋಳದ ದಿಂಡು, ಮರದ ಪಾಚಿ ತುಂಬಿ, ನಡುವೆ ಒಂದು ಇಟ್ಟಿಗೆಯಿಟ್ಟು, ಮರಕ್ಕೆ ನೇತುಹಾಕಿ ದಿನವೂ ಗುದ್ದತೊಡಗಿದ.

ಊರು ಬಿಟ್ಟ ಹುಡುಗ

ಆ ಕಾಲದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯರು ಬಿಳಿಯರೆದುರು ತಲೆಯೆತ್ತಿ ಮಾತಾಡುವಂತಿರಲಿಲ್ಲ. ತಾನು ದುಡಿಯುತ್ತಿದ್ದ ಜಮೀನಿನ ಒಡೆಯ ಒಂದು ಕರಿಯ ಹುಡುಗನನ್ನು ಬೆಲ್ಟಿನಿಂದ ಹೊಡೆದದ್ದನ್ನು ಜೋ ಸುಮ್ಮನೆ ನುಂಗಿಕೊಳ್ಳಲಿಲ್ಲ, ನಾಲ್ವರೆದುರು ಹೇಳಿದ. ಕೆಲಸ ಹೋಯಿತು. ಬಿಳಿಯರೊಂದಿಗೆ ಹೊಂದಿಕೊಳ್ಳಲಾರದವನು ಈ ಊರಿನಲ್ಲಿ ಉಳಿಯುವುದು ಕ್ಷೇಮವಲ್ಲವೆಂದು ತಾಯಿ ಎಚ್ಚರಿಸಿದಳು. ಹದಿನೈದನೆಯ ವಯಸ್ಸಿನಲ್ಲಿ ಜೋ ಬಸ್ಸು ಹತ್ತಿ ನ್ಯೂಯಾರ್ಕಿನಲ್ಲಿದ್ದ ಅಣ್ಣನ ಮನೆಗೆ ಹೋದ. ಅಲ್ಲಿ ಕೆಲಸ ನೆಟ್ಟಗೆ ಸಿಗದೆ ಫಿಲಡೆಲ್ಫಿಯಾ ನಗರ ಸೇರಿದ. ಊರಿನಿಂದ ಟ್ರಂಕು ಹಿಡಿದು ಬಂದು, ಅಣ್ಣನದೋ ಮಾವನದೋ ಖೋಲಿಯಲ್ಲಿ ಒಂದು ಮೂಲೆ ಹಿಡಿದವರಿಗೆ ಈ ದಾರಿಯನ್ನು ವಿವರಿಸಿ ಹೇಳಬೇಕಾದ್ದಿಲ್ಲ.

ಫಿಲಡೆಲ್ಫಿಯಾದಲ್ಲಿ ಸಿಕ್ಕಿದ ಕೆಲಸ ಕಸಾಯಿಖಾನೆಯದು. ಅಲ್ಲಿಯ ಶೈತ್ಯಾಗಾರದಲ್ಲಿ ಕೊಕ್ಕೆಗೆ ನೇತುಹಾಕಿದ್ದ ದನದ ಮಾಂಸದ ಹೋಳುಗಳನ್ನೇ ಗುದ್ದಿ ಕೈ ಪಳಗಿಸಿಕೊಂಡ. 1976ರ ‘ರಾಕಿ’ ಎಂಬ ಪ್ರಸಿದ್ಧ ಚಿತ್ರದಲ್ಲಿ ನಾಯಕನು ಇದನ್ನೇ ಮಾಡುತ್ತಾನೆ. ಚಿತ್ರವನ್ನು ನೋಡಿ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿಗೆ ಅದು ಒಬ್ಬ ನಿಜ ಮನುಷ್ಯನ ಬಾಳಿನಿಂದ ಬಂದದ್ದೆಂದು ತಿಳಿದೀತು?

ಪೊಲೀಸು ಇಲಾಖೆಯವರು ಹುಡುಗರಿಗಾಗಿ ನಡೆಸುತ್ತಿದ್ದ ವ್ಯಾಯಾಮಶಾಲೆಗೆ ಜೋ ಮೊದಲು ಹೋದದ್ದು ಚಾಂಪಿಯನ್ ಆಗಲೆಂದಲ್ಲ. ತೊಡೆ ದಪ್ಪವಾಗಿ ಷರಾಯಿ ಹಿಡಿಸದಾಯಿತೆಂದು, ಮೈ ಇಳಿಸಲು! ಅಲ್ಲಿ ಅವನನ್ನು ಕಂಡವನು ಯಾಂಕ್ ಡರ್ಹಮ್. ರೈಲ್ವೆಯಲ್ಲಿ ಬೆಸುಗೆ ಕೆಲಸ ಮಾಡುತ್ತ, ಬಿಡುವಿನಲ್ಲಿ ಹುಡುಗರನ್ನು ತರಬೇತು ಮಾಡುತ್ತಿದ್ದವನು. ಕೈಗವಸಿನಿಂದ ಹೊಗೆಯೇಳುವಂತೆ ಹೊಡೆಯಬೇಕೆಂದು ಅವನು ಹುರಿದುಂಬಿಸುತ್ತಿದ್ದನಾಗಿ ‘ಹೊಗೆಯಾಡುವ ಜೋ’ ಎಂಬ ಹೆಸರೇ ನಿಂತಿತು.

ಮುರಿದ ಹೆಬ್ಬೆರಳು, ಚಿನ್ನದ ಪದಕ

ಹವ್ಯಾಸಿ ಮುಷ್ಟಿಯುದ್ಧಕ್ಕೂ ವೃತ್ತಿಯ ಮುಷ್ಟಿಯುದ್ಧಕ್ಕೂ ಬಹಳ ಅಂತರವಿದೆ. ಹವ್ಯಾಸಿಗಳ ಪಂದ್ಯ ಆಗ ಮೂರು ನಿಮಿಷದ ಮೂರೇ ಸುತ್ತು, ಹಣವಿಲ್ಲ. ವೃತ್ತಿಯವರ ಪದವಿ ಪಂದ್ಯ ಆ ದಿನಗಳಲ್ಲಿ ಹದಿನೈದು ಸುತ್ತು. ಮೊದಲನೆಯದರಲ್ಲಿ ಚುರುಕು ಬೇಕು, ಎರಡನೆಯದರಲ್ಲಿ ಸಹನೆ ಬೇಕು.

1964ರ ಒಲಿಂಪಿಕ್ಸಿಗೆ ಅಮೆರಿಕದ ಹೆವಿವೇಟ್ ಮಲ್ಲನನ್ನು ಆರಿಸುವ ಪಂದ್ಯದಲ್ಲಿ, ಸುಮಾರು 300 ಪೌಂಡು ತೂಗುತ್ತಿದ್ದ ಬಸ್ಟರ್ ಮಾಥಿಸನ ಎದುರು ಜೋ ಸೋತ. ಆದರೆ ಮಾಥಿಸನ ಕೈಗೆ ಪೆಟ್ಟಾಗಿ ಬದಲಿಯಾಗಿ ಟೋಕಿಯೋಗೆ ಹೋಗುವ ಅದೃಷ್ಟ ಜೋಗೆ ಒದಗಿತು. ಅಲ್ಲಿ ಉಗಾಂಡದವನನ್ನು ಗೆದ್ದ. ಆಸ್ಟ್ರೇಲಿಯದವನಿಂದ ಒಮ್ಮೆ ನೆಲಕ್ಕೆ ಬಿದ್ದರೂ ಎದ್ದು ಗೆದ್ದ. ಸೆಮಿಫೈನಲ್ಲಿನಲ್ಲಿ ರಷ್ಯದ ಯೆಮೆಲ್ಯಾನೊವನನ್ನು ಹೊಡೆಯುವಾಗ ಎಡಗೈಯ ಹೆಬ್ಬೆರಳು ಮುರಿಯಿತು. ಹೇಳಿದರೆ ಡಾಕ್ಟರು ಕಣಕ್ಕೆ ಇಳಿಯಗೊಡರು. ಆದ್ದರಿಂದ ಯಾರಿಗೂ ಹೇಳಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ರಾತ್ರಿ ಕಳೆದು, ಫೈನಲ್ಲಿನಲ್ಲಿ ಜರ್ಮನಿಯ ಹನ್ಸ್ ಹೂಬರನನ್ನು ಹೆಚ್ಚಾಗಿ ಬಲಗೈಯಿಂದಲೇ ಎದುರಿಸಿದ. ಐವರು ತೀರ್ಪುಗಾರರಲ್ಲಿ ಮೂವರು ಜೋ ಕಡೆ, ಇಬ್ಬರು ಹೂಬರನ ಕಡೆ. ಆ ವರ್ಷ ಮುಷ್ಟಿಯುದ್ಧದಲ್ಲಿ ಅಮೆರಿಕಕ್ಕೆ ಬಂದ ಚಿನ್ನದ ಪದಕ ಅದೊಂದೇ.

ಚಿನ್ನದ ಪದಕದಿಂದ ಹೊಟ್ಟೆ ತುಂಬುವುದುಂಟೆ? ಮುರಿದ ಬೆರಳಿನಿಂದ ಕಸಾಯಿಖಾನೆಯ ಕೆಲಸ ಸಾಗದು. ಮನೆಯಲ್ಲಿ ಹೆಂಡತಿ ಮಕ್ಕಳು. ಆ ಕ್ರಿಸ್ಮಸ್ಸಿಗೆ ಪತ್ರಿಕೆಯವರು ಅವನ ಪಾಡನ್ನು ಬರೆದ ಮೇಲೆ ಊರಿನ ಜನ ನೆರವು ಕಳಿಸಿದರು. 1965ರ ಆಗಸ್ಟಿನಲ್ಲಿ ವೃತ್ತಿಗಿಳಿದ. ಮೊದಲ ಎದುರಾಳಿಯನ್ನು ಮೊದಲ ಸುತ್ತಿನಲ್ಲೇ ಕೆಡವಿದ. ಫಿಲಡೆಲ್ಫಿಯಾದ ವ್ಯಾಪಾರಸ್ಥರು, ಪಾದ್ರಿ, ಮುಂತಾದವರು 250 ಡಾಲರಿನ ಷೇರುಗಳನ್ನು ಕೊಂಡು ‘ಕ್ಲೋವರ್ಲೇ’ ಎಂಬ ಕಂಪನಿಯನ್ನೇ ಕಟ್ಟಿ, ಅವನಿಗೆ ವಾರದ ಸಂಬಳ ಗೊತ್ತುಮಾಡಿ, ಗೆಲುವಿನಲ್ಲಿ ಪಾಲು ಹಂಚಿಕೊಂಡರು. ಒಬ್ಬ ಮನುಷ್ಯನ ಎಡಗೈಯ ಮೇಲೆ ಕಂಪನಿ ನಿಂತದ್ದು ವಿಚಿತ್ರವೆನಿಸಬಹುದು. ಆದರೆ ಮುಷ್ಟಿಮಲ್ಲರನ್ನು ಕಳ್ಳಖದೀಮರು ದೋಚಿಕೊಳ್ಳುತ್ತಿದ್ದ ಆ ಕಾಲಕ್ಕೆ ಲೆಕ್ಕಪತ್ರವಿಟ್ಟ ಈ ಏರ್ಪಾಡು ಅವನಿಗೆ ಹಿತವನ್ನೇ ಮಾಡಿತು.

ಗೆಳೆತನ ಮುರಿದದ್ದು

1967ರಲ್ಲಿ ವಿಶ್ವ ಚಾಂಪಿಯನ್ ಮಹಮ್ಮದಾಲಿ ವಿಯಟ್ನಾಂ ಯುದ್ಧಕ್ಕೆ ಸೇನೆ ಸೇರಲು ಒಪ್ಪದ ಕಾರಣ ಅವನ ಪದವಿಯನ್ನು ಕಸಿದುಕೊಂಡರು. ಬರಿದಾದ ಪೀಠಕ್ಕೆ ಜೋ ಮೆಟ್ಟಿಲು ಮೆಟ್ಟಿಲಾಗಿ ಏರಿದ: 1968ರ ಮಾರ್ಚಿನಲ್ಲಿ ಹಳೆಯ ಎದುರಾಳಿ ಮಾಥಿಸನನ್ನು ಹನ್ನೊಂದನೆಯ ಸುತ್ತಿನಲ್ಲಿ ಕೆಡವಿದ; 1970ರ ಫೆಬ್ರವರಿ 16ರಂದು ಜಿಮ್ಮಿ ಎಲ್ಲಿಸನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಈ ನಡುವೆ ಕಣದಿಂದ ಹೊರಗಿದ್ದ ಅಲಿಗೆ ಹಣದ ನೆರವು ನೀಡಿದವನೂ, ಅವನಿಗೆ ಪುನಃ ಪರವಾನಗಿ ಸಿಗಲೆಂದು ದೊಡ್ಡವರಲ್ಲಿ ಮಾತಾಡಿದವನೂ ಜೋ.

1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಇಬ್ಬರೂ ಎದುರುಬದುರಾದರು. ಒಬ್ಬೊಬ್ಬನಿಗೂ 25 ಲಕ್ಷ ಡಾಲರು. ಅಲ್ಲಿಯವರೆಗೆ ಇಬ್ಬರೂ ಸೋಲನ್ನು ಕಂಡವರಲ್ಲ. ಪಂದ್ಯಕ್ಕೆ ಮುನ್ನ ಅಲಿ ಜೋನನ್ನು ಬಿಳಿಯರ ಆಳೆಂದು ಹಂಗಿಸಿದ. ಹೊಲದಲ್ಲಿ ದುಡಿದು, ಕಸಾಯಿಖಾನೆಯಲ್ಲಿ ಬೆಂದವನಿಗೆ ಈ ಮಾತು ಯಾವ ಏಟಿಗಿಂತಲೂ ಹೆಚ್ಚಾಗಿ ನಾಟಿತು. ಹದಿನೈದನೆಯ ಸುತ್ತಿನಲ್ಲಿ ಆ ಮಡಿಸಿದ ಎಡಗೈ ಬೀಸಿ ಬಂದು ದವಡೆಗೆ ಬಿದ್ದಾಗ ಅಲಿ ಬೆನ್ನಡಿಯಾಗಿ ಉರುಳಿದ. ಅವನು ಎದ್ದು ನಿಂತನಾದರೂ ತೀರ್ಪುಗಾರರು ಒಮ್ಮತದಿಂದ ಜೋನನ್ನೇ ಗೆದ್ದವನೆಂದರು. ಗೆದ್ದವನೂ ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಮರು ತಿಂಗಳು ದಕ್ಷಿಣ ಕೆರೊಲಿನಾದ ಶಾಸನಸಭೆ ಅವನನ್ನು ಭಾಷಣಕ್ಕೆ ಕರೆಯಿತು. ಯಾವ ನೆಲದಲ್ಲಿ ಬಾಯಿಬಿಟ್ಟದ್ದಕ್ಕೆ ಊರು ಬಿಡಬೇಕಾಯಿತೋ ಅದೇ ನೆಲದ ಸಭೆ! ಅಲ್ಲಿ ತಾಯಿಗೆ ದೊಡ್ಡ ಜಮೀನನ್ನೂ ಕೊಂಡುಕೊಟ್ಟ.

ಮನಿಲಾದ ಬೆಳಗು

ಏರಿದವನು ಇಳಿಯಲೇಬೇಕು. 1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಜಾರ್ಜ್ ಫೋರ್ಮನ್ ಎರಡೇ ಸುತ್ತಿನಲ್ಲಿ ಅವನನ್ನು ಆರು ಸಲ ಕೆಡವಿದ. ಆರು ಸಲವೂ ಜೋ ಎದ್ದ. ಪಂದ್ಯ ನಿಲ್ಲಿಸಿದವನು ರೆಫರಿ. ಅದೇ ವರ್ಷ ಡರ್ಹಮ್ ತೀರಿಕೊಂಡ. 1974ರಲ್ಲಿ ಅಲಿಯೊಡನೆ ನಡೆದ ಎರಡನೆಯ ಪಂದ್ಯವೂ ಕೈತಪ್ಪಿತು.

ಮೂರನೆಯದು 1975ರ ಅಕ್ಟೋಬರ್ 1ರಂದು, ಫಿಲಿಪೀನ್ಸಿನ ಮನಿಲಾ ಬಳಿ. ಅಮೆರಿಕದವರು ರಾತ್ರಿ ಕೂತು ನೋಡಲು ಅನುಕೂಲವಾಗಲೆಂದು ಪಂದ್ಯವನ್ನು ಅಲ್ಲಿ ಬೆಳಗಿನ ಹೊತ್ತು ಇಟ್ಟಿದ್ದರು. ಕುದಿಯುವ ಸೆಕೆ. ಈ ಸಲ ಅಲಿ ಅವನನ್ನು ಗೊರಿಲ್ಲವೆಂದು ಕರೆದು ರಬ್ಬರಿನ ಬೊಂಬೆ ತೋರಿಸಿ ನಗಾಡಿದ್ದ. ಹದಿನಾಲ್ಕು ಸುತ್ತು ಇಬ್ಬರೂ ಒಬ್ಬರನ್ನೊಬ್ಬರು ಅರೆದರು. ಜೋನ ಎಡಗಣ್ಣು ಬಹಳ ವರ್ಷಗಳಿಂದ ಮಂಜಾಗಿತ್ತು. ಈ ಗುಟ್ಟನ್ನು ಅವನು ಲೋಕಕ್ಕೆಲ್ಲ ಹೇಳಿದ್ದು 1996ರ ಆತ್ಮಕಥೆಯಲ್ಲಿ. ಉಳಿದ ಬಲಗಣ್ಣೂ ಏಟಿನಿಂದ ಊದಿ ಮುಚ್ಚಿದಾಗ ಅಲಿಯ ಕೈ ಯಾವ ಕಡೆಯಿಂದ ಬರುತ್ತದೆಂಬುದೇ ಕಾಣದಾಯಿತು. ಹದಿನೈದನೆಯ ಸುತ್ತಿಗೆ ಏಳಲು ಹೊರಟವನನ್ನು ಗುರು ಎಡ್ಡಿ ಫಚ್ ತಡೆದು ಕೂರಿಸಿದ. ಜೋ ಬೇಡವೆಂದು ಅಂಗಲಾಚಿದ. ಫಚ್ ಕೇಳಲಿಲ್ಲ. ಅತ್ತ ಅಲಿಯೂ ನಿತ್ರಾಣನಾಗಿದ್ದ. ಸಾವಿಗೆ ಅಷ್ಟು ಸಮೀಪ ತಾನೆಂದೂ ಹೋಗಿರಲಿಲ್ಲವೆಂದು ಆಮೇಲೆ ಅವನೇ ಒಪ್ಪಿಕೊಂಡ.

ಇನ್ನು ಮೂರು ನಿಮಿಷ ಬಿಟ್ಟಿದ್ದರೆ ಜೋ ಗೆಲ್ಲುತ್ತಿದ್ದನೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಕಣದಲ್ಲಿ ಮಲ್ಲರು ಪ್ರಾಣ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದ ಫಚ್‌ಗೆ ಪದವಿಗಿಂತ ಹುಡುಗನ ಮಕ್ಕಳು ಮುಖ್ಯರೆನಿಸಿದರು. ಶಿಷ್ಯನನ್ನು ಮುಂದಕ್ಕೆ ತಳ್ಳುವ ಗುರುಗಳು ಬೇಕಾದಷ್ಟು ಮಂದಿ. ಶಿಷ್ಯನ ಕೋಪವನ್ನು ಹೊತ್ತುಕೊಂಡು ಸಾಕೆನ್ನುವ ಗುರು ಅಪರೂಪ.

ಕೊನೆಯ ದಿನಗಳು

1976ರಲ್ಲಿ ಫೋರ್ಮನ್ ಎದುರು ಮತ್ತೆ ಸೋತು ನಿವೃತ್ತನಾದ. 1981ರಲ್ಲಿ ಮರಳಿ ಒಂದು ಪಂದ್ಯ ಆಡಿದ, ಅದು ಸಮವಾಯಿತು. ಒಟ್ಟು 37 ಪಂದ್ಯಗಳಲ್ಲಿ 32 ಗೆಲುವು, 4 ಸೋಲು, 1 ಸಮ. ಆ ನಾಲ್ಕು ಸೋಲೂ ಅಲಿ ಮತ್ತು ಫೋರ್ಮನ್ ಎಂಬ ಇಬ್ಬರಿಂದಲೇ.

ಫಿಲಡೆಲ್ಫಿಯಾದ ಬ್ರಾಡ್ ಬೀದಿಯಲ್ಲಿ ವ್ಯಾಯಾಮಶಾಲೆ ನಡೆಸುತ್ತ, ಅದರ ಮೇಲಿನ ಕೋಣೆಗಳಲ್ಲಿಯೇ ವರ್ಷಗಟ್ಟಲೆ ವಾಸವಾಗಿದ್ದು, ಕೇರಿಯ ಹುಡುಗರಿಗೆ ಕೈ ತಿದ್ದಿದ. ಮಗ ಮಾರ್ವಿಸ್ ಮುಷ್ಟಿಮಲ್ಲನಾದ. ಮಗಳು ಜಾಕಿ ವಕೀಲಳಾಗಿದ್ದೂ ಕೈಗವಸು ತೊಟ್ಟು 2001ರಲ್ಲಿ ಅಲಿಯ ಮಗಳು ಲೈಲಾಳೊಡನೆ ಸೆಣಸಿದಳು, ಮುಂದೆ ನ್ಯಾಯಾಧೀಶಳಾದಳು. ಆ ವರ್ಷವೇ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ. ಗಾಯ ಪೂರ್ತಿ ಮಾಗಿತೆಂದು ಹೇಳುವಂತಿಲ್ಲ. 2011ರ ನವೆಂಬರ್ 7ರಂದು ಪಿತ್ತಕೋಶದ ಬಳಿಯ ಯಕೃತ್ತಿನ ಕ್ಯಾನ್ಸರಿನಿಂದ ಜೋ ತೀರಿಕೊಂಡಾಗ, ಪಾರ್ಕಿನ್ಸನ್ ರೋಗದಿಂದ ನಡುಗುತ್ತಿದ್ದ ಅಲಿ ಅಂತ್ಯಕ್ರಿಯೆಗೆ ಬಂದು ಕುಳಿತ.

ಸಿನೆಮದ ರಾಕಿಗೆ ಫಿಲಡೆಲ್ಫಿಯಾದಲ್ಲಿ 1980ರ ದಶಕದಿಂದಲೇ ಪ್ರತಿಮೆಯಿತ್ತು. ನಿಜವಾದ ಜೋಗೆ ಪ್ರತಿಮೆಯಾದದ್ದು 2015ರಲ್ಲಿ, ಅವನು ಸತ್ತು ನಾಲ್ಕು ವರ್ಷಗಳಾದ ಮೇಲೆ. ದುಡಿದವನ ಹೆಸರು ಹಿಂದಾಗಿ ಬಣ್ಣದ ವೇಷ ಮುಂದಾಗುವುದು ಎಲ್ಲ ದೇಶಗಳಲ್ಲೂ ನಡೆಯುವ ಮಾತು. ನಮ್ಮ ಮಕ್ಕಳು ಟೆಲಿವಿಷನ್ನಿನಲ್ಲಿ ಆ ಚಿತ್ರವನ್ನು ನೋಡುವಾಗ, ಮಾಂಸದ ಹೋಳುಗಳ ನಡುವೆ ನಿಂತು ಗುದ್ದಿದ ನಿಜವಾದ ಹುಡುಗ ಬೇರೊಬ್ಬನಿದ್ದ, ಅವನು ತಂದೆಗೆ ಎಡಗೈಯಾಗಿದ್ದ ಎಂದು ಹಿರಿಯರು ಒಂದು ಮಾತು ಹೇಳಿದರೆ ಸಾಕು.