ಆಮ್ಲಜನಕವುಳ್ಳ ಆಮ್ಲಗಳ ಪ್ರಬಲತೆ: ಅರ್ಜಿದಾರರಿಗೆ ಮಾಹಿತಿ

ಆಮ್ಲಗಳ ದಾಸ್ತಾನು ಅಥವಾ ಮಾರಾಟಕ್ಕೆ ಪರವಾನಗಿ ಕೋರುವವರು ತಾವು ನಿರ್ವಹಿಸುವ ವಸ್ತುವಿನ ಗುಣವನ್ನು ಅರಿತಿರುವುದು ಅವಶ್ಯಕ. ವಿನಿಗರ್‌ನ ಅಸಿಟಿಕ್ ಆಮ್ಲದಲ್ಲಿಯೂ ವಾಹನದ ಬ್ಯಾಟರಿಯ ಗಂಧಕಾಮ್ಲದಲ್ಲಿಯೂ ಆಮ್ಲಜನಕವಿದೆ. ಆದರೂ ಮೊದಲನೆಯದು ದುರ್ಬಲ, ಎರಡನೆಯದು ಪ್ರಬಲ. ಈ ವ್ಯತ್ಯಾಸಕ್ಕೆ ಅಣುರಚನೆಯೇ ಕಾರಣವಾಗಿರುತ್ತದೆ.

ಇಂತಹ ಆಮ್ಲಗಳಲ್ಲಿ ಒಂದು ಕೇಂದ್ರ ಪರಮಾಣುವಿಗೆ ಆಮ್ಲಜನಕವೂ, ಆ ಆಮ್ಲಜನಕಕ್ಕೆ ಜಲಜನಕವೂ ಬಂಧಿತವಾಗಿರುತ್ತವೆ. ನೀರಿನಲ್ಲಿ ಈ ಜಲಜನಕವು ಅಯಾನಾಗಿ ಎಷ್ಟು ಸುಲಭವಾಗಿ ಬೇರ್ಪಡುವುದೋ ಆಮ್ಲವು ಅಷ್ಟು ಪ್ರಬಲವಾಗಿರುತ್ತದೆ. ಪ್ರಬಲತೆಯನ್ನು ಪಿಕೆಎ ಎಂಬ ಅಂಕಿಯಿಂದ ಸೂಚಿಸಲಾಗುತ್ತದೆ. ಈ ಅಂಕಿಯು 1ರಷ್ಟು ಕಡಿಮೆಯಾದರೆ ಪ್ರಬಲತೆ 10 ಪಟ್ಟು ಹೆಚ್ಚುತ್ತದೆ.

ಪ್ರಬಲತೆಯನ್ನು ಮುಖ್ಯವಾಗಿ ಈ ಕೆಳಕಂಡ ಅಂಶಗಳು ನಿರ್ಧರಿಸುತ್ತವೆ:

1. ಜಲಜನಕವಿಲ್ಲದ ಆಮ್ಲಜನಕಗಳ ಸಂಖ್ಯೆ: ಇವು ಇಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆದು ಜಲಜನಕದ ಬಂಧವನ್ನು ಸಡಿಲಗೊಳಿಸುತ್ತವೆ. ಜಲಜನಕವು ಬೇರ್ಪಟ್ಟ ನಂತರ ಉಳಿಯುವ ಋಣ ವಿದ್ಯುದಂಶವನ್ನು ತಮ್ಮಲ್ಲಿ ಹಂಚಿಕೊಂಡು ಸ್ಥಿರಗೊಳಿಸುತ್ತವೆ. ಹೈಪೋಕ್ಲೋರಸ್ ಆಮ್ಲದಲ್ಲಿ ಇಂತಹ ಆಮ್ಲಜನಕವಿಲ್ಲ. ಪಿಕೆಎ ಸುಮಾರು 7.5. ಕ್ಲೋರಸ್ ಆಮ್ಲದಲ್ಲಿ ಒಂದಿದ್ದು, ಪಿಕೆಎ ಸುಮಾರು 2. ಎರಡುಳ್ಳ ಕ್ಲೋರಿಕ್ ಹಾಗೂ ಮೂರುಳ್ಳ ಪರ್‌ಕ್ಲೋರಿಕ್ ಆಮ್ಲಗಳಲ್ಲಿ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಂಧಕಾಮ್ಲ ಹಾಗೂ ನೈಟ್ರಿಕ್ ಆಮ್ಲಗಳಲ್ಲಿ ಎರಡೆರಡಿವೆ. ಅಸಿಟಿಕ್ ಆಮ್ಲದಲ್ಲಿ ಒಂದೇ ಇದ್ದು, ಪಿಕೆಎ 4.76.

2. ಕೇಂದ್ರ ಪರಮಾಣುವಿನ ಸೆಳೆತ: ಒಂದೇ ರಚನೆಯುಳ್ಳ ಹೈಪೋಕ್ಲೋರಸ್, ಹೈಪೋಬ್ರೋಮಸ್ ಹಾಗೂ ಹೈಪೋಅಯೋಡಸ್ ಆಮ್ಲಗಳ ಪೈಕಿ ಕ್ಲೋರಿನ್ನಿನ ಸೆಳೆತ ಅಧಿಕವಾದುದರಿಂದ ಮೊದಲನೆಯದೇ ಹೆಚ್ಚು ಪ್ರಬಲ.

ಸಾರ್ವಜನಿಕರ ಗಮನಕ್ಕೆ:

ದುರ್ಬಲ ಆಮ್ಲವೆಂದರೆ ನಿರಪಾಯಕಾರಿ ಎಂದು ಭಾವಿಸತಕ್ಕದ್ದಲ್ಲ. ಪ್ರಬಲತೆಯು ಅಣುವಿನ ಗುಣ. ಸಾಂದ್ರತೆಯು ದ್ರಾವಣದಲ್ಲಿರುವ ಆಮ್ಲದ ಪ್ರಮಾಣ. ಸಾಂದ್ರ ಅಸಿಟಿಕ್ ಆಮ್ಲವೂ ಚರ್ಮವನ್ನು ಸುಡುತ್ತದೆ. ಬಟ್ಟೆ ಬಿಳುಪುಗೊಳಿಸುವ ಹೈಪೋಕ್ಲೋರೈಟ್ ದ್ರಾವಣಕ್ಕೆ ಯಾವುದೇ ಆಮ್ಲವನ್ನು ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಹೊಮ್ಮುತ್ತದೆ. ಶೌಚಾಲಯ ಶುಚಿಗೊಳಿಸುವ ದ್ರವಗಳಲ್ಲಿ ಬಳಸುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿಲ್ಲದಿದ್ದರೂ ಅದು ಪ್ರಬಲ ಆಮ್ಲವೇ ಆಗಿದೆ.

ಆಮ್ಲದಾಳಿಗಳ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 18.07.2013ರಂದು ನೀಡಿದ ಆದೇಶದನ್ವಯ, ಚಿಲ್ಲರೆ ಮಾರಾಟಗಾರರು ಖರೀದಿದಾರರ ಹೆಸರು, ವಿಳಾಸ ಹಾಗೂ ಆಮ್ಲದ ಪ್ರಮಾಣವನ್ನು ವಹಿಯಲ್ಲಿ ದಾಖಲಿಸತಕ್ಕದ್ದು. ಸರ್ಕಾರದಿಂದ ನೀಡಲಾದ ಭಾವಚಿತ್ರವುಳ್ಳ ಗುರುತಿನ ಚೀಟಿ ಹಾಗೂ ಖರೀದಿಯ ಉದ್ದೇಶವನ್ನು ಪರಿಶೀಲಿಸಿಯೇ ಮಾರಾಟ ಮಾಡತಕ್ಕದ್ದು. 18 ವರ್ಷದೊಳಗಿನವರಿಗೆ ಮಾರಾಟವನ್ನು ನಿಷೇಧಿಸಲಾಗಿದೆ.

ಆಮ್ಲವು ಮೈಮೇಲೆ ಬಿದ್ದಲ್ಲಿ ತಕ್ಷಣ ಹರಿಯುವ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆದು, ವೈದ್ಯಕೀಯ ಚಿಕಿತ್ಸೆ ಪಡೆಯಲು ಕೋರಲಾಗಿದೆ.