ಕಾರಿನೊಳಗಣ ನೀರಗಂಟಿ

ಸಿರುಗುಪ್ಪ ತಾಲ್ಲೂಕಿನ ದೇಶನೂರಿನವರಿಗೆ ಕಾಲುವೆಯ ವಿಷಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ವಿಜಯನಗರದ ಅರಸರ ಕಾಲದಿಂದ ತುಂಗಭದ್ರೆಯ ನೀರನ್ನು ಗದ್ದೆಗಳಿಗೆ ಹಾಯಿಸುತ್ತ ಬಂದ ಕಾಲುವೆಗಳಲ್ಲಿ ಒಂದು ಈ ಊರಿನ ಹೆಸರನ್ನೇ ಹೊತ್ತಿದೆ. ಯಾರ ಗದ್ದೆಗೆ, ಯಾವ ಹೊತ್ತಿನಲ್ಲಿ, ಎಷ್ಟು ನೀರು ಎಂಬುದನ್ನು ತೂಬಿನ ಬಳಿ ನಿಂತು ನಡೆಸತಕ್ಕವನನ್ನು ಕೆಲವರು ನೀರಗಂಟಿ ಎನ್ನುವರು, ಕೆಲವರು ಲಸ್ಕರನೆನ್ನುವರು. ಗದ್ದೆ ಒಣಗಿದಾಗ ಮೊದಲ ಬೈಗುಳ ಬೀಳುವುದು ಅವನಿಗೇ. ಮೇಲೆ ಕಾಲುವೆಯ ದಂಡೆ ಒಡೆದಿದೆಯೋ, ನಡುವೆ ಹೂಳು ತುಂಬಿದೆಯೋ ಎಂದು ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಈಗಿನ ಮೋಟಾರು ಕಾರಿನೊಳಗೂ ಇಂಥ ಒಬ್ಬ ನೀರಗಂಟಿ ಇರುವನು. ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂದು ಅವನ ಹೆಸರು. ರಿಪೇರಿಯವರ ಬಾಯಲ್ಲಿ ಬಿ.ಸಿ.ಎಂ. ಅಂಗೈಯಗಲದ ಒಂದು ಪೆಟ್ಟಿಗೆ. ಬಹುತೇಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಜುಗಳ ಸಮೀಪದಲ್ಲಿ ಅಡಗಿರುತ್ತದೆ. ದೀಪ, ಇಂಡಿಕೇಟರ್, ವೈಪರ್, ಹಾರ್ನ್, ಬಾಗಿಲಿನ ಬೀಗ, ಕಿಟಕಿಯ ಗಾಜು ಮೊದಲಾದವುಗಳಿಗೆ ವಿದ್ಯುತ್ತನ್ನು ಬಿಡುವುದೂ ತಡೆಯುವುದೂ ಇದರ ಉದ್ಯೋಗ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಗಾಡಿಯನ್ನು ನಡೆಸಿದವರು ನೆನೆಸಿಕೊಳ್ಳಲಿ: ಅದರಲ್ಲಿ ಗುಂಡಿಯಿಂದ ದೀಪದವರೆಗೂ ತಂತಿಯ ದಾರಿಯನ್ನು ಕಣ್ಣಿನಿಂದಲೇ ಹಿಡಿಯಬಹುದಾಗಿತ್ತು. ಈಗ ಹಾಗಲ್ಲ. ನಾವು ಗುಂಡಿಯನ್ನು ಒತ್ತುವುದು ಕೇವಲ ಒಂದು ವಿಜ್ಞಾಪನೆ. ಆಜ್ಞೆ ಹೊರಡುವುದು ಆ ಪೆಟ್ಟಿಗೆಯಿಂದ.

ಗಾಡಿಯೊಳಗಿನ ಇಂಥ ಪೆಟ್ಟಿಗೆಗಳು ಪರಸ್ಪರ ಮಾತನಾಡಿಕೊಳ್ಳುವುದು ಹೆಣೆದ ಎರಡು ತಂತಿಗಳ ಮೇಲೆ. ‘ಕ್ಯಾನ್’ ಎಂಬ ಈ ಪದ್ಧತಿಯನ್ನು ಜರ್ಮನಿಯ ಬಾಷ್ ಸಂಸ್ಥೆಯವರು 1986ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನೆರೆದ ಎಂಜಿನಿಯರುಗಳ ಮುಂದಿಟ್ಟರು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂದು ಮನೆಮಾತಾಗಿದ್ದ, 1951ರಲ್ಲಿ ಹುಟ್ಟಿದ ಕಾರ್ಖಾನೆಯ ಮೂಲವೂ ಆ ಸಂಸ್ಥೆಯೇ. ಆ ಹೆಸರು 2008ರಲ್ಲಿ ಬದಲಾಯಿತಾದರೂ ಮೈಕೋ ಲೇಔಟ್ ಹಾಗೆಯೇ ಉಳಿದಿದೆ!

ಈ ಪೆಟ್ಟಿಗೆ ಕೆಟ್ಟಾಗ ಕಾಣುವ ಲಕ್ಷಣಗಳು ವಿಚಿತ್ರವಾದವು. ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಆಡುತ್ತದೆ; ನಿಲ್ಲಿಸಿದ ಗಾಡಿ ನಡುರಾತ್ರಿಯಲ್ಲಿ ತಾನಾಗಿ ಹಾರ್ನ್ ಬಾರಿಸುತ್ತದೆ; ಬಾಗಿಲಿನ ಬೀಗ ತಾನೇ ಬಿದ್ದು ತಾನೇ ಏಳುತ್ತದೆ. ಹಳ್ಳಿಯ ಮನೆಗಳಲ್ಲಿ ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸುವವರೆಗೂ ಮಾತು ಹೋಗುವುದುಂಟು. ಪೇಟೆಯ ಕಡೆಗೆ ಹೋದರೆ ಇನ್ನೊಂದು ಬಗೆಯ ಮಂತ್ರವಾದ: ಸ್ಕ್ಯಾನರ್ ಯಂತ್ರವನ್ನು ಚುಚ್ಚಿ, ಅದು ತೋರಿಸಿದ ಒಂದು ಸಂಕೇತವನ್ನು ಓದಿ, “ಬಿ.ಸಿ.ಎಂ. ಹೋಗಿದೆ, ಬದಲಾಯಿಸಬೇಕು” ಎಂದು ತೀರ್ಪು ಕೊಟ್ಟುಬಿಡುವುದು. ಪೆಟ್ಟಿಗೆಗೆ ಸಾವಿರಾರು ರೂಪಾಯಿ ಬೆಲೆ. ಭತ್ತ ಮಾರಿದ ಹಣದಲ್ಲಿ ಮನೆಯವರು ಅದನ್ನು ಹಾಕಿಸುತ್ತಾರೆ. ಎಂಟು ದಿನದೊಳಗೆ ವೈಪರ್ ಮತ್ತೆ ಕುಣಿಯತೊಡಗುತ್ತದೆ. ಏತಕ್ಕೆಂದರೆ ದಂಡೆ ಒಡೆದದ್ದು ಬೇರೆಲ್ಲಿಯೋ ಇತ್ತು. ಸ್ಕ್ಯಾನರ್ ಹೇಳುವುದು ಯಾವ ಗದ್ದೆ ಒಣಗಿದೆ ಎಂಬುದನ್ನು ಮಾತ್ರ. ಏಕೆ ಒಣಗಿತೆಂಬುದನ್ನು ಮನುಷ್ಯನೇ ಹುಡುಕಬೇಕು.

ಹುಡುಕುವುದಕ್ಕೆ ಆರಂಭಸ್ಥಾನ ಬ್ಯಾಟರಿ. ಚೆನ್ನಾಗಿ ತುಂಬಿ ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿಯು ಮಲ್ಟಿಮೀಟರಿನಲ್ಲಿ 12.6 ವೋಲ್ಟಿನಷ್ಟನ್ನು ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಬರಿದಾಗಿದೆಯೆಂದು ತಿಳಿಯತಕ್ಕದ್ದು. ಶಕ್ತಿಗುಂದಿದ ಬ್ಯಾಟರಿಯ ಗಾಡಿಯಲ್ಲಿ ಆ ಪೆಟ್ಟಿಗೆಯು ಜ್ವರ ಬಂದವನಂತೆ ಹಲುಬುವುದು ಸಹಜ, ಪೆಟ್ಟಿಗೆಯದೇನೂ ದೋಷವಿರುವುದಿಲ್ಲ. ಅನಂತರ ಅರ್ಥಿಂಗ್. ಬ್ಯಾಟರಿಯ ಋಣ ಕಂಬದಿಂದ ಗಾಡಿಯ ಲೋಹಕ್ಕೆ ಬಿಗಿದ ತಂತಿಯ ಬುಡದಲ್ಲಿ ತುಕ್ಕು ಹಿಡಿದಿದ್ದರೆ ವಿದ್ಯುತ್ತು ಹಿಂದಿರುಗುವ ದಾರಿ ಕಾಣದೆ ಅಡ್ಡದಾರಿ ಹಿಡಿಯುವುದು. ಮುಂದಿನ ದೀಪಗಳನ್ನು ಹೊತ್ತಿಸಿ, ಮೀಟರಿನ ಒಂದು ಕಡ್ಡಿಯನ್ನು ಋಣ ಕಂಬಕ್ಕೂ ಇನ್ನೊಂದನ್ನು ಗಾಡಿಯ ಬರಿಯ ಲೋಹಕ್ಕೂ ತಾಗಿಸಿದರೆ ಸೊನ್ನೆಯ ಆಸುಪಾಸಿನಲ್ಲಿರಬೇಕು. ಅರ್ಧ ವೋಲ್ಟು ಕಂಡಿತೋ, ಕಳ್ಳ ಸಿಕ್ಕಿದನೆಂದೇ ಲೆಕ್ಕ. ಮರಳು ಕಾಗದದಿಂದ ಉಜ್ಜಿ ಬಿಗಿದರೆ ವಾಸಿಯಾಗುವ ರೋಗವಿದು.

ಇನ್ನು ನಮ್ಮ ಸೀಮೆಗೆ ವಿಶೇಷವಾದ ಎರಡು ಕಾರಣಗಳನ್ನು ಹೇಳಬೇಕು. ಮೊದಲನೆಯದು ಇಲಿ. ಗದ್ದೆಯಲ್ಲಿ ಕೊಯ್ಲು ಮುಗಿದು ತೆನೆ ಕಣ್ಮರೆಯಾದೊಡನೆ ಇಲಿಗಳು ಮನೆ, ಹುಲ್ಲಿನ ಬಣವೆ, ಗೋದಾಮುಗಳ ಕಡೆಗೆ ನುಗ್ಗುತ್ತವೆ. ಇನ್ನೂ ಬಿಸಿಯಾಗಿರುವ ಎಂಜಿನ್ನು ಅವುಗಳಿಗೆ ಬೆಚ್ಚನೆಯ ಮಹಲು. ಇಲಿಯ ಹಲ್ಲು ಬಾಳಿನುದ್ದಕ್ಕೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯಲೇಬೇಕು. ತಂತಿಯ ಹೊದಿಕೆ ಹಲ್ಲಿಗೆ ಹಿತವಾಗಿಯೇ ಇರುತ್ತದೆ. ಅರ್ಧ ಕಡಿದ ತಂತಿ ಇನ್ನೂ ಕೆಟ್ಟದ್ದು: ಗಾಡಿ ನಿಂತಿರುವಾಗ ಸರಿಯಾಗಿದ್ದು, ಗುಂಡಿಬಿದ್ದ ರಸ್ತೆಯಲ್ಲಿ ಕುಲುಕಿದಾಗ ಮಾತ್ರ ತಪ್ಪುತ್ತದೆ. ಕಾರನ್ನು ಬಣವೆಯ ಮಗ್ಗುಲಲ್ಲಿ ನಿಲ್ಲಿಸದಿರುವುದೂ, ಒಳಗೆ ಬಿಸ್ಕತ್ತು ಮಂಡಕ್ಕಿಗಳ ಚೂರು ಉಳಿಯದಂತೆ ಗುಡಿಸುವುದೂ ದೊಡ್ಡ ವಿದ್ಯೆಯಲ್ಲ. ಬಳ್ಳಾರಿ ಸೀಮೆಯಲ್ಲಿ ಮಂಡಕ್ಕಿಯಿಲ್ಲದ ಪ್ರಯಾಣವುಂಟೇ ಎಂದರೆ ಅದಕ್ಕೆ ಉತ್ತರವಿಲ್ಲ.

ಎರಡನೆಯದು ನೀರು. ಬೇವಿನ ಮರದ ನೆರಳು ಬಳ್ಳಾರಿಯ ಬೇಸಗೆಯಲ್ಲಿ ಅಮೃತವೇ ಸರಿ. ಆದರೆ ಉದುರಿದ ಎಲೆ ಮುಂಗಾಜಿನ ಬುಡದ ಸಂದಿಯಲ್ಲಿ ತುಂಬಿ, ಮಳೆನೀರು ಹೊರಹೋಗುವ ತೂತನ್ನು ಮುಚ್ಚುತ್ತದೆ. ನಿಂತ ನೀರು ಒಳದಾರಿ ಹುಡುಕಿ ಡ್ಯಾಶ್‌ಬೋರ್ಡಿನ ತಂತಿಗಳ ಮೇಲೆ ಹನಿಯುತ್ತದೆ. ಪೆಟ್ಟಿಗೆಯ ಕನೆಕ್ಟರನ್ನು ಬಿಚ್ಚಿದಾಗ ಪೂಜೆಯ ತಾಮ್ರದ ಚೊಂಬಿನ ಕಿಲುಬಿನಂಥ ಹಸುರು ಕಂಡರೆ ನೀರು ಒಳಹೊಕ್ಕಿದೆಯೆಂದು ನಿಶ್ಚಯ. ನೀರಿನ ದಾರಿಯನ್ನು ಮುಚ್ಚದೆ ಹೊಸ ಪೆಟ್ಟಿಗೆ ಹಾಕಿದರೆ ಅದಕ್ಕೂ ಅದೇ ಗತಿ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹೊರಡದಿರುವುದು ಮತ್ತೊಂದು ದೂರು. ಬೀಗ ಹಾಕಿದ ಮೇಲೆ ಒಳಗಿನ ಪೆಟ್ಟಿಗೆಗಳೆಲ್ಲ ಸ್ವಲ್ಪ ಹೊತ್ತಿನಲ್ಲಿ ನಿದ್ರೆಹೋಗಬೇಕು. ಆಗ ಗಾಡಿ ಎಳೆಯುವ ವಿದ್ಯುತ್ತು ಸಾಮಾನ್ಯವಾಗಿ 50 ಮಿಲಿಆಂಪಿಯರಿಗೆ ಮೀರುವುದಿಲ್ಲ. ಯಾವುದೋ ಒಂದು ಎಚ್ಚರವಾಗಿಯೇ ಇದ್ದು ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್-ಗಂಟೆ ಖರ್ಚು. 45ರ ಬ್ಯಾಟರಿ ಎರಡು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದು. ಒಂದೊಂದಾಗಿ ಫ್ಯೂಜು ತೆಗೆದು ನೋಡಿದರೆ ಎಚ್ಚರವಾಗಿರುವವರು ಯಾರೆಂಬುದು ತಿಳಿಯುತ್ತದೆ. ಮಾತನಾಡುವ ಆ ಎರಡು ತಂತಿಗಳ ಪರೀಕ್ಷೆಯೂ ಕಠಿನವಲ್ಲ: ಎರಡು ಕೊನೆಗಳಲ್ಲಿ 120 ಓಮಿನ ತಡೆಗಳಿರುವುದರಿಂದ, ಬ್ಯಾಟರಿ ಬಿಚ್ಚಿ ಅಳೆದರೆ ಸಾಮಾನ್ಯವಾಗಿ 60 ಓಮು ಬರಬೇಕು. 120 ಬಂದರೆ ಒಂದು ಕಡೆ ತುಂಡಾಗಿದೆ. ಸೊನ್ನೆಗೆ ಸಮೀಪವಾದರೆ ಎರಡೂ ಒಂದಕ್ಕೊಂದು ತಾಗಿವೆ. ಸ್ಕ್ಯಾನರ್ ಕೈಯಲ್ಲಿದ್ದವರು ಈ ಐದು ನಿಮಿಷದ ಕೆಲಸವನ್ನು ಮಾಡದೆ ಬಿಡುವುದು ಸೋಮಾರಿತನವೆಂದೇ ನನ್ನ ಮತ.

ಮನೆಯವರು ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಬೀಗವೂ ಗಾಜೂ ಈ ಪೆಟ್ಟಿಗೆಯ ವಶದಲ್ಲಿರುವುದರಿಂದ, ಅದು ತಪ್ಪತೊಡಗಿದ ಗಾಡಿಯಲ್ಲಿ ಕೂಸನ್ನು “ಒಂದೇ ನಿಮಿಷ” ಎಂದು ಒಳಗೆ ಕೂಡಿಸಿ ಕೆಳಗಿಳಿಯಲೇಬಾರದು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ದೂರದಿಂದ ಒತ್ತುವ ಬೀಗದ ಕೈಗಳಲ್ಲಿ ಬಹುತೇಕ ಎಲ್ಲದರೊಳಗೂ ಲೋಹದ ಕೈಯೊಂದು ಇರುತ್ತದೆ. ಚಾಲಕನ ಬಾಗಿಲು ಅದರಿಂದ ತೆರೆಯುತ್ತದೆ. ಅದನ್ನು ಹೊರತೆಗೆಯುವ ಬಗೆಯನ್ನು ಮನೆಯ ಹೆಂಗಸರೂ ಅಜ್ಜಂದಿರೂ ಇಂದೇ ಒಮ್ಮೆ ಮಾಡಿ ನೋಡಲಿ. ಹಾಗೆಯೇ, ದೀಪ ತಾನಾಗಿ ಆರುವ ಗಾಡಿಯನ್ನು ಸಿರುಗುಪ್ಪ–ಬಳ್ಳಾರಿ ಹೆದ್ದಾರಿಗೆ ರಾತ್ರಿ ಇಳಿಸತಕ್ಕದ್ದಲ್ಲ. ಹಿಂದೀಪವಿಲ್ಲದ ಭತ್ತದ ಟ್ರ್ಯಾಕ್ಟರು ಎದುರಾದಾಗ ಎರಡು ಕ್ಷಣದ ಕತ್ತಲೆಯೇ ಸಾಕು.

ಎಲ್ಲವನ್ನೂ ನೋಡಿದ ಮೇಲೂ, ಪೆಟ್ಟಿಗೆಗೆ ಸರಿಯಾದ ವಿದ್ಯುತ್ತೂ ಅರ್ಥಿಂಗೂ ಗುಂಡಿಯ ಸಂದೇಶವೂ ತಲುಪುತ್ತಿದ್ದು ಹೊರಗೆ ಆಜ್ಞೆ ಬಾರದಿದ್ದರೆ, ಆಗ ಬದಲಾಯಿಸುವುದೇ ಮಾರ್ಗ. ಹಳೆಯದರ ಮೇಲೆ ಅಚ್ಚಾದ ಸಂಖ್ಯೆಯೇ ಹೊಸದರಲ್ಲೂ ಇರಬೇಕು, ಇಲ್ಲವೆ ಅದಕ್ಕೆ ಬದಲೆಂದು ತಯಾರಕರು ಒಪ್ಪಿದ ಸಂಖ್ಯೆಯಿರಬೇಕು. ಬಿಚ್ಚುವ ಮುನ್ನ ಹಳೆಯದರಲ್ಲಿರುವ ಗಾಡಿಯ ವಿವರಗಳನ್ನು ಸ್ಕ್ಯಾನರಿಗೆ ಇಳಿಸಿಕೊಳ್ಳಬೇಕು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ ಕೆಲವು ನಿಮಿಷ ಕಾಯಬೇಕು. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವಾದ್ದರಿಂದ ಅವನ್ನು ಮುಟ್ಟಬಾರದು. ಹೊಸ ಪೆಟ್ಟಿಗೆಗೆ ಈ ಗಾಡಿ ಯಾವುದು, ಇದರಲ್ಲಿ ಏನೇನಿದೆ ಎಂಬುದನ್ನು ಕಲಿಸಬೇಕು. ಅನೇಕ ಗಾಡಿಗಳಲ್ಲಿ ಬೀಗದ ಕೈಗಳನ್ನೂ ಪುನಃ ಪರಿಚಯ ಮಾಡಿಸಬೇಕಾಗುವುದರಿಂದ, ಮನೆಯಲ್ಲಿರುವ ಕೈಗಳೆಲ್ಲವನ್ನೂ ಕೊಂಡೊಯ್ಯುವುದು ಒಳ್ಳೆಯದು. ಪಾಠ ನಡೆಯುವಾಗ ಬ್ಯಾಟರಿಗೆ ಚಾರ್ಜರ್ ಜೋಡಿಸಿರಬೇಕು. ನಡುವೆ ವಿದ್ಯುತ್ತು ಕುಗ್ಗಿದರೆ ಹೊಸ ಪೆಟ್ಟಿಗೆಯೇ ನಿರುಪಯುಕ್ತವಾದೀತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯದು ಅಗ್ಗಕ್ಕೆ ಸಿಕ್ಕೀತೆಂದು ಹೇಳುವ ನೆಂಟರು ಎಲ್ಲ ಮನೆಗಳಲ್ಲಿಯೂ ಇರುವರು. ಆದರೆ ಹಳೆಯ ಪೆಟ್ಟಿಗೆ ಬೇರೊಂದು ಗಾಡಿಯ ಗುರುತನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಕೆಲವು ತಯಾರಕರ ಪೆಟ್ಟಿಗೆಗಳು ಅದನ್ನು ಮರೆಯಲು ಒಪ್ಪುವುದೇ ಇಲ್ಲ. ಆದುದರಿಂದ, ನಮ್ಮ ಗಾಡಿಯಲ್ಲಿ ಕೆಲಸ ಮಾಡದಿದ್ದರೆ ಹಣ ಹಿಂದಿರುಗಿಸುವೆವೆಂದು ಬರೆದುಕೊಡುವ ಅಂಗಡಿಯಲ್ಲದಿದ್ದರೆ ಆ ವ್ಯಾಪಾರ ಬೇಡ. ಗಾಡಿಯನ್ನು ಹಿಂದಕ್ಕೆ ಪಡೆಯುವಾಗ ಅಂಗಡಿಯ ಅಂಗಳದಲ್ಲಿಯೇ ದೀಪ, ಹಾರ್ನ್, ವೈಪರ್, ನಾಲ್ಕೂ ಗಾಜು, ನಾಲ್ಕೂ ಬಾಗಿಲಿನ ಬೀಗ ಎಲ್ಲವನ್ನೂ ಒಂದೊಂದು ಕೈಯಿಂದಲೂ ನಡೆಸಿ ನೋಡಿ, ರಸೀದಿಯೊಡನೆ ಹಳೆಯ ಪೆಟ್ಟಿಗೆಯನ್ನೂ ಕೇಳಿ ತರತಕ್ಕದ್ದು.