ಮಿದುಳಿನ ಸಂದಿನಲ್ಲೊಂದು ಪುಟ್ಟ ಕ್ಲಿಪ್ಪು

ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕದು. ಟೈಟಾನಿಯಂ ಮಿಶ್ರಲೋಹದ ಎರಡು ಸಪೂರ ದವಡೆ, ಹಿಂದೆ ಸುರುಳಿ ಸುತ್ತಿದ ಸ್ಪ್ರಿಂಗು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಹಿಂಬದಿ ಅದುಮಿದರೆ ಬಾಯಿ ಬಿಡುತ್ತದೆ, ಕೈಬಿಟ್ಟರೆ ಕಚ್ಚಿಕೊಳ್ಳುತ್ತದೆ. ಮಿದುಳಿನ ಅನ್ಯೂರಿಸಂಗೆ ಒಮ್ಮೆ ಹಾಕಿದರೆ ಜೀವಮಾನವಿಡೀ ಅಲ್ಲೇ ಇರುತ್ತದೆ.

ಅನ್ಯೂರಿಸಂ ಅಂದರೆ ರಕ್ತನಾಳದ ಗೋಡೆ ಸೋತು ಹೊರಗೆ ಉಬ್ಬುವುದು. ಅತ್ತಿಹಣ್ಣು ಕಾಂಡಕ್ಕೇ ಅಂಟಿ ಬೆಳೆಯುತ್ತದಲ್ಲ, ಹಾಗೆ. ಮಿದುಳಿನ ತಳದಲ್ಲಿ ನಾಳಗಳು ಕವಲೊಡೆಯುವ ಕಡೆ ಇದು ಹೆಚ್ಚು. ರಕ್ತದೊತ್ತಡ, ಧೂಮಪಾನ ಅದಕ್ಕೆ ನೀರೆರೆಯುತ್ತವೆ. ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರಿಗೆ ಇದಿರುತ್ತದೆ. ಬಹುಪಾಲು ಒಡೆಯುವುದೇ ಇಲ್ಲ. ಒಡೆದರೆ ಮಾತ್ರ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ.

1937ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಇಂಥ ಉಬ್ಬಿನ ಕತ್ತಿಗೆ ಬೆಳ್ಳಿಯ ಕ್ಲಿಪ್ಪು ಹಾಕಿದರು. ದಾರಿ ತೆರೆಯಿತು, ಆದರೆ ಬರಿಗಣ್ಣಿಗೆ ಆ ಆಳದಲ್ಲಿ ಕಾಣುವುದೆಷ್ಟು? ಟರ್ಕಿ ಮೂಲದ ಗಾಜಿ ಯಾಶಾರ್ಗಿಲ್ 1965ರಲ್ಲಿ ಅಮೆರಿಕದ ವರ್ಮಾಂಟ್‌ಗೆ ಹೋಗಿ, ಸೂಕ್ಷ್ಮದರ್ಶಕದಡಿ ಪ್ರಾಣಿಗಳ ಪುಟ್ಟ ರಕ್ತನಾಳಗಳನ್ನು ಹೊಲಿದು ಹೊಲಿದು ಕೈ ಪಳಗಿಸಿಕೊಂಡರು. 1967ರಿಂದ ಜ್ಯೂರಿಕ್‌ನಲ್ಲಿ ಅದನ್ನೇ ಮನುಷ್ಯರ ಮಿದುಳಿಗೆ ತಂದರು.

ಅವರ ದೊಡ್ಡತನ ಇರುವುದು ಮಿದುಳನ್ನು ಕೊಯ್ಯದೆ ಒಳಹೋದದ್ದರಲ್ಲಿ. ಕಣತಲೆಯ ಹತ್ತಿರ ಮೂಳೆ ತೆಗೆದರೆ ಮಿದುಳಿನ ಎರಡು ಹಾಲೆಗಳ ನಡುವೆ ಹುಟ್ಟಿನಿಂದಲೇ ಒಂದು ಸಂದು ಇದೆ. ಅದರ ಮೇಲೆ ಜೇಡರಬಲೆಯಂಥ ಪೊರೆ. ಆ ಪೊರೆಯ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ತಳದ ನಾಳಗಳು ತಾವಾಗಿ ಎದುರಾಗುತ್ತವೆ. ಎರಡೂ ಕೈ ಕೆಲಸದಲ್ಲಿರುವುದರಿಂದ ಸೂಕ್ಷ್ಮದರ್ಶಕವನ್ನು ಬಾಯಲ್ಲಿ ಕಚ್ಚಿದ ಸ್ವಿಚ್ಚಿನಿಂದ ಸರಿಸುವ ಏರ್ಪಾಟನ್ನೂ ಅವರು ಬಳಕೆಗೆ ತಂದರು.

ಕೊನೆಯ ಕೆಲವು ನಿಮಿಷಗಳೇ ಕಠಿಣ. ಉಬ್ಬಿನ ಕತ್ತಿನ ಸುತ್ತ ಕೂದಲೆಳೆಯಂಥ ನಾಳಗಳಿರುತ್ತವೆ; ಅವುಗಳಲ್ಲೊಂದು ದವಡೆಗೆ ಸಿಕ್ಕರೂ ರೋಗಿಗೆ ಲಕ್ವ ಹೊಡೆಯಬಹುದು. ಬೇಕಾದರೆ ಮೂಲನಾಳಕ್ಕೆ ತಾತ್ಕಾಲಿಕ ಕ್ಲಿಪ್ಪು ಹಾಕಿ ರಕ್ತದ ರಭಸ ತಗ್ಗಿಸಿ, ಕತ್ತನ್ನಷ್ಟೇ ಹಿಡಿಯುತ್ತಾರೆ. ಬಳಿಕ ರಕ್ತಕ್ಕೆ ಹಸಿರು ಬಣ್ಣದ್ರವ್ಯ ಸೇರಿಸಿ, ಅತಿಗೆಂಪು ಬೆಳಕಿನಲ್ಲಿ ನೋಡುತ್ತಾರೆ. ನಾಳಗಳು ಹೊಳೆಯಬೇಕು, ಉಬ್ಬು ಕಪ್ಪಗಿರಬೇಕು.

1990ರ ದಶಕದಿಂದ ತೊಡೆಸಂದಿನ ನಾಳದ ಮೂಲಕ ಉಬ್ಬಿನೊಳಗೆ ತಂತಿಸುರುಳಿ ತುಂಬುವ ಚಿಕಿತ್ಸೆ ಬಂದು, ಅನೇಕರಿಗೆ ತಲೆ ತೆರೆಯುವ ಕಷ್ಟ ತಪ್ಪಿದೆ. ಅದು ಒಳ್ಳೆಯದೇ. ಆದರೂ ಅಗಲ ಕತ್ತಿನ, ಕವಲಿಗೆ ಅಂಟಿಕೊಂಡ ಉಬ್ಬುಗಳಿಗೆ ಕ್ಲಿಪ್ಪಿನ ಹಿಡಿತವೇ ಗಟ್ಟಿ ಎಂದು ನನ್ನ ನಂಬಿಕೆ.

ಯಾವ ಚಿಕಿತ್ಸೆಯಾದರೂ ರೋಗಿ ಆಸ್ಪತ್ರೆ ತಲುಪಬೇಕಲ್ಲ. ಸಿಡಿಲು ಬಡಿದಂತೆ ಕ್ಷಣದಲ್ಲಿ ಎದ್ದ, ಹಿಂದೆಂದೂ ಕಾಣದಂಥ ತಲೆನೋವು, ವಾಂತಿ, ಕತ್ತು ಬಿಗಿತ, ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು: ಇವು ಕಂಡರೆ ಮಾತ್ರೆ ನುಂಗಿ ಮಲಗಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿ.